ಮಂಡಿ ನೋವಿದ್ರೂ ಗಣಿ ದಾರೀಲಿ ನಡೀಬೋದಾ?

ಪ್ರಶ್ನೆ: ನಮ್ದು ಸೋಮವಾರಪೇಟೆ ಹತ್ರ, ನಂಗೆ 63 ವರ್ಷ. ಮಗಳು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ನರ್ಸ್. ಬರೋ ಜೂನ್‌ಗೆ ನಮ್ಮಿಬ್ರನ್ನೂ ಕರೆಸ್ಕೊಳ್ತಿದ್ದಾಳೆ. ಕಾರ್ನ್‌ವಾಲ್ ಅನ್ನೋ ಕಡೆ ಹಳೇ ಗಣಿಗಳ ಮಧ್ಯೆ ವಾಕಿಂಗ್ ದಾರಿಗಳಿವೆ, ಮೂರು ದಿನ ಅಲ್ಲಿ ಇರೋಣ ಅಂತಾಳೆ. ನಮ್ಮ ಮಾವನವರು ಕೆಜಿಎಫ್‌ನಲ್ಲಿ ಕೆಲಸಕ್ಕಿದ್ದವರು, ಹಾಗಾಗಿ ಯಜಮಾನ್ರಿಗೆ ತುಂಬಾ ಆಸೆ. ಆದ್ರೆ ನಂಗೆ ಬಲಗಾಲು ಮಂಡಿ ನೋವು, ತೋಟದ ಏರು ಹತ್ತೋದೇ ಕಷ್ಟ. ನಾನು ಹೋದ್ರೆ ಅವರಿಗೆ ಹೊರೆ ಆಗ್ತೀನಾ?

ಉತ್ತರ: ಹೋಗಿ ಅಕ್ಕ, ಖಂಡಿತ ಹೋಗಿ. ಗಣಿ ಅಂದ ತಕ್ಷಣ ನಮಗೆ ಗುಂಡಿ, ಬಂಡೆ, ಕಡಿದಾದ ಏರು ಅಷ್ಟೇ ಕಣ್ಮುಂದೆ ಬರತ್ತೆ. ಆದ್ರೆ ಅಲ್ಲಿ ಈಗ ಜನ ನಡೆಯೋ ಎಷ್ಟೋ ದಾರಿಗಳು ಒಂದು ಕಾಲದಲ್ಲಿ ಅದಿರಿನ ಗಾಡಿ ಹೋಗ್ತಿದ್ದ ಹಳಿಗಳ ಜಾಗ. ಕುದುರೆ ಕಟ್ಟಿ ಎಳೆಸ್ತಿದ್ದ ಗಾಡಿಗೆ ಏರು ಜಾಸ್ತಿ ಇದ್ರೆ ಆಗಲ್ಲ ಅಲ್ವಾ, ಅದಕ್ಕೇ ಗುಡ್ಡನ ಬಳಸ್ಕೊಂಡು, ತಗ್ಗು ತುಂಬಿಸ್ಕೊಂಡು ಆದಷ್ಟು ಸಮ ಮಾಡಿ ಹಾಕಿದ್ರು. ಇನ್ನೂರು ವರ್ಷದ ಹಿಂದೆ ಕುದುರೆಗೆ ಅಂತ ಮಾಡಿದ ಅನುಕೂಲ ಇವತ್ತು ನಿಮ್ಮ ಮಂಡಿಗೆ ಸಿಗತ್ತೆ.

ಮೊದಲನೇ ದಿನಕ್ಕೆ ನಾನು ಹೇಳೋದು ಕೋಸ್ಟ್ ಟು ಕೋಸ್ಟ್ ದಾರಿ. ಉತ್ತರ ಕಡಲಿನ ಪೋರ್ಟ್‌ರೀತ್‌ನಿಂದ ದಕ್ಷಿಣದ ಡೆವೊರಾನ್‌ವರೆಗೆ ಒಟ್ಟು ಸುಮಾರು 18 ಕಿ.ಮೀ. ಪೂರ್ತಿ ನಡೀಬೇಡಿ, ಮಧ್ಯದಲ್ಲಿ ಬಿಸ್ಸೋ ಅಂತ ಊರಿದೆ, ಅಲ್ಲಿಂದ ಡೆವೊರಾನ್ ಕಡೆ ಹೋಗೋ ತುಂಡು ಸಾಕು, ಹೊಳೆ ಪಕ್ಕದಲ್ಲೇ ಹೆಚ್ಚುಕಮ್ಮಿ ಸಮತಟ್ಟಾಗಿ ಸಾಗತ್ತೆ. ಮಗಳು ಕಾರು ತಗೊಂಡು ಆ ಕಡೆ ತುದೀಲಿ ಕಾಯ್ತಾ ಇದ್ರೆ ನೀವು ವಾಪಸ್ ನಡೆಯೋದೂ ಬೇಡ.

ಈ ದಾರೀಲಿ ನಿಮ್ಮ ಯಜಮಾನ್ರಿಗೆ ಒಂದು ವಿಷಯ ಹೇಳ್ಲೇಬೇಕು. ಬಿಸ್ಸೋದಿಂದ ಡೆವೊರಾನ್‌ಗೆ ಹೋಗೋದು 1820ರ ದಶಕದಲ್ಲಿ ಹಾಕಿದ ರೆಡ್‌ರೂತ್-ಚೇಸ್‌ವಾಟರ್ ರೈಲಿನ ಜಾಡು, ಅದನ್ನ ಮುಂದೆ ನಿಂತು ಮಾಡಿಸಿದವರು ಜಾನ್ ಟೇಲರ್ ಅನ್ನೋ ಗಣಿ ಎಂಜಿನಿಯರ್, ಆ ಕಣಿವೆಯ ದೊಡ್ಡ ತಾಮ್ರದ ಗಣಿಗಳು ಅವರ ಕೈಯಲ್ಲೇ ಇದ್ವು. ಮುಂದೆ 1880ರಿಂದ ಕೋಲಾರದ ಚಿನ್ನದ ಗಣಿ ನಡೆಸಿದ್ದು ಅದೇ ಮನೆತನದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. ಕಾರ್ನ್‌ವಾಲ್‌ನಲ್ಲಿ ತಾಮ್ರದ ಬೆಲೆ ಬಿದ್ದು ಕೆಲಸ ಹೋದ ಗಣಿಯಾಳುಗಳು ಪ್ರಪಂಚದ ಮೂಲೆ ಮೂಲೆಗೆ ಹೋದ್ರು, ಅದ್ರಲ್ಲಿ ಒಂದಷ್ಟು ಜನ ಕೆಜಿಎಫ್‌ಗೂ ಬಂದ್ರು. ಮಾವನವರು ಕೆಲಸ ಮಾಡಿದ ಗಣಿಯ ಬೇರು ಈ ದಾರೀಲಿದೆ ಅಕ್ಕ, ಅವರ ಫೋಟೋ ಒಂದು ಪರ್ಸ್‌ನಲ್ಲಿ ಇಟ್ಕೊಂಡು ಹೋಗಿ.

ಅಲ್ಲಿನ ಕಾರ್ನನ್ ಹೊಳೆ ಬದೀಲಿ ಕೆಂಪು-ಕಿತ್ತಳೆ ಬಣ್ಣದ ಕೆಸರು ನೋಡಿ ಗಾಬರಿ ಆಗ್ಬೇಡಿ. ಗಣಿ ನಡೆಯೋವರೆಗೆ ಒಳಗಿನ ನೀರನ್ನ ಪಂಪ್ ಮಾಡಿ ಎತ್ತುತ್ತಾನೇ ಇರ್ಬೇಕು. ಹತ್ರದ ವೀಲ್ ಜೇನ್ ಗಣಿ 1991ರಲ್ಲಿ ಮುಚ್ತು, ಪಂಪ್ ನಿಲ್ತು, ಒಳಗೆ ನೀರು ತುಂಬಿ 1992ರ ಜನವರೀಲಿ ಒಮ್ಮೆಲೇ ಹೊರಗೆ ನುಗ್ಗಿ ಹೊಳೆಯಿಂದ ಹಿಡಿದು ಕಡಲಿನ ಅಳಿವೆವರೆಗೂ ಎಲ್ಲಾ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಈಗ ಆ ನೀರನ್ನ ಶುದ್ಧ ಮಾಡಿ ಬಿಡ್ತಾರೆ. (ವೀಲ್ ಅಂದ್ರೆ ಅಲ್ಲಿನ ಹಳೇ ಭಾಷೇಲಿ ಗಣಿ ಕೆಲಸದ ಜಾಗ ಅಂತ, ಬೋರ್ಡುಗಳಲ್ಲಿ ಎಲ್ಲಾ ಕಡೆ ಈ ಹೆಸರು ಕಾಣತ್ತೆ.)

ಎರಡನೇ ದಿನ ಗ್ರೇಟ್ ಫ್ಲಾಟ್ ಲೋಡ್. ಕ್ಯಾಂಬೋರ್ನ್ ಮತ್ತು ರೆಡ್‌ರೂತ್ ಹತ್ರ ಕಾರ್ನ್ ಬ್ರೇ ಗುಡ್ಡನ ಸುತ್ತೋ ಸುಮಾರು 12 ಕಿ.ಮೀ. ದಾರಿ. ಫ್ಲಾಟ್ ಅಂತ ಹೆಸರಿದೆ ಅಂತ ದಾರಿ ಪೂರ್ತಿ ಸಮ ಅಂದ್ಕೋಬೇಡಿ, ಭೂಮಿ ಒಳಗಿನ ತವರದ ಅದಿರಿನ ಪಟ್ಟಿ ಬೇರೆ ಕಡೆ ಥರ ನೆಟ್ಟಗೆ ಇಳೀದೆ ಸುಮಾರು 30 ಡಿಗ್ರಿ ಓರೆಯಾಗಿ ಮಲಗಿದೆ, ಆ ಹೆಸರು ಅದಕ್ಕೆ ಬಂದದ್ದು. ದಾರೀಲಿ ಅಲ್ಲಲ್ಲಿ ಏರಿಳಿತ ಇದೆ. ಕಿಂಗ್ ಎಡ್ವರ್ಡ್ ಗಣಿ ಮ್ಯೂಸಿಯಂ ಹತ್ರ ಕಾರು ಬಿಟ್ಟು ಒಂದು ಗಂಟೆ ಓಡಾಡಿ ಬನ್ನಿ, ಅಷ್ಟರಲ್ಲೇ ಬೇಕಾದಷ್ಟು ಸಿಗತ್ತೆ. ಇದು ಗಣಿ ಕಾಲೇಜಿನ ಹುಡುಗ್ರು ಕೆಲಸ ಕಲೀತಿದ್ದ ಗಣಿ.

ಸೌತ್ ವೀಲ್ ಫ್ರಾನ್ಸಿಸ್ ಅನ್ನೋ ಕಡೆ ಎಂಜಿನ್ ಮನೆಗಳ ಅವಶೇಷ ಇದೆ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಎಂಜಿನ್ ಮನೆ ಅಂದ್ರೆ ಸೂರು ಹೋಗಿ ಗೋಡೆ ಉಳಿದಿರೋ ಎತ್ತರದ ಕಲ್ಲಿನ ಕಟ್ಟಡ, ಸಾಮಾನ್ಯವಾಗಿ ಮೂಲೇಲಿ ಒಂದು ಹೊಗೆಗೂಡು, ಕೆಳಗೆಲ್ಲಾ ಕಲ್ಲು ಮೇಲಿನ ಭಾಗ ಇಟ್ಟಿಗೆ. ನಾನು ಹೋದಾಗ ಅಂಥ ಒಂದು ಮನೆಯ ಮುಂದಿನ ಗೋಡೆಗೆ ಒರಗಿ ನಿಂತಿದ್ದೆ, ಉಳಿದ ಗೋಡೆಗಿಂತ ಅದು ಎಷ್ಟು ದಪ್ಪ ಅಂದ್ರೆ ಕಿಟಕಿ ಸಂದೀಲಿ ಕೈ ಚಾಚಿದ್ರೂ ಆ ಕಡೆ ಅಂಚು ಸಿಗ್ಲಿಲ್ಲ. ಯಾಕೆ ಅಷ್ಟು ದಪ್ಪ ಅಂದ್ರೆ ಟನ್‌ಗಟ್ಲೆ ತೂಕದ ಕಬ್ಬಿಣದ ತೊಲೆ ಆ ಗೋಡೆ ಮೇಲೆ ತಕ್ಕಡಿ ದಂಡದ ಥರ ಮೇಲೆ ಕೆಳಗೆ ಆಡ್ತಿತ್ತು, ಒಂದು ತುದೀಲಿ ಹಬೆ ಎಂಜಿನ್, ಇನ್ನೊಂದು ತುದಿ ಗೋಡೆಯಿಂದ ಆಚೆ ಶಾಫ್ಟ್ (ಗಣಿಗೆ ಇಳಿಯೋ ಆಳದ ಬಾವಿ) ಮೇಲೆ, ಅದಕ್ಕೆ ಕಟ್ಟಿದ ಪಂಪಿನ ಸರಳು ಆಳಕ್ಕೆ ಇಳೀತಿತ್ತು. ಈಗ ಆ ಗೋಡೆ ಬಿರುಕಲ್ಲಿ ಜರಿಗಿಡ ಬೆಳೆದಿದೆ, ಮಳೆಗಾಲ ಮುಗಿದ್ಮೇಲೆ ನಮ್ಮ ಮಡಿಕೇರಿ ಕೋಟೆ ಕಲ್ಲುಗಳಲ್ಲಿ ಬೆಳೆಯತ್ತಲ್ಲ ಹಾಗೇ.

ಮೂರನೇ ದಿನ ಬೊಟಾಲಕ್. ಫೋಟೋಗಳಲ್ಲಿ ಕಡಲ ಬಂಡೆ ತುದೀಲಿ ಎರಡು ಎಂಜಿನ್ ಮನೆ ಕಾಣತ್ತಲ್ಲ, ಕ್ರೌನ್ಸ್ ಅಂತಾರೆ, ಅದೇ ಜಾಗ. ಇಲ್ಲಿ ಮಾತ್ರ ಹುಷಾರು. ಮೇಲಿನ ದಾರಿಯಿಂದಲೇ ನೋಡಿ, ಕೆಳಗೆ ಇಳಿಯೋ ಆಸೆ ಬೇಡ, ಅದು ಕಡಿದು, ಗಾಳಿ ಬೇರೆ ಜೋರು. ಆ ಗಣಿಯ ಸುರಂಗಗಳು ಕಡಲ ತಳದ ಕೆಳಗೇ ಹೋಗ್ತಿದ್ವು. ಪಕ್ಕದ ಲೆವಂಟ್‌ನಲ್ಲಿ 1840ರ ಹಬೆ ಎಂಜಿನ್ ಒಂದಿದೆ, ಮತ್ತೆ ಸರಿಪಡಿಸಿ ಹಬೇಲೇ ಓಡಿಸ್ತಾರೆ, ಓಡಿಸೋ ದಿನ ಯಾವ್ದು ಅಂತ ಮಗಳಿಗೆ ಮೊದಲೇ ನೋಡಿಡೋಕೆ ಹೇಳಿ. ಅದೇ ಗಣೀಲಿ 1919ರಲ್ಲಿ ಆಳುಗಳನ್ನ ಮೇಲಕ್ಕೆ ತರ್ತಿದ್ದ ಯಂತ್ರದ ಕೊಂಡಿ ಮುರಿದು 31 ಜನ ಸತ್ತೋದ್ರು. ಚೆಂದದ ಕಡಲು ನೋಡೋ ಮಧ್ಯೆ ಅವರನ್ನೂ ಒಂದು ಕ್ಷಣ ನೆನೆಸ್ಕೊಳ್ಳಿ.

ಎಲ್ಲಾ ಕಡೆ ಗುರುತು ಹಾಕಿದ ದಾರಿ ಬಿಟ್ಟು ಪೊದೆ ಒಳಗೆ ಹೋಗಲೇಬೇಡಿ, ಹಳೇ ಶಾಫ್ಟ್‌ಗಳಿವೆ, ಕೆಲವು ಕಡೆ ಮಣ್ಣಲ್ಲಿ ಪಾಷಾಣದ (ಆರ್ಸೆನಿಕ್ ವಿಷದ) ಅಂಶ ಉಳಿದಿದೆ. ಛತ್ರಿ ಬೇಡ, ಆ ಗಾಳೀಲಿ ಮಗುಚ್ಕೊಳತ್ತೆ, ಟೋಪಿ ಇರೋ ರೈನ್‌ಕೋಟ್ ತಗೊಳ್ಳಿ. ಊರುಗೋಲು ಹಿಡ್ಕೊಳ್ಳೋಕೆ ಸಂಕೋಚ ಪಡ್ಬೇಡಿ, ಅಲ್ಲಿ ವಯಸ್ಸಿನ ಹುಡುಗ್ರೂ ಎರಡೆರಡು ಹಿಡ್ಕೊಂಡು ನಡೀತಾರೆ. ಹಸಿವಾದ್ರೆ ಪಾಸ್ಟಿ ಅಂತ ಹಿಟ್ಟಿನೊಳಗೆ ಹೂರಣ ತುಂಬಿ ಬೇಯಿಸಿದ ತಿಂಡಿ ಸಿಗತ್ತೆ, ಗಣಿಯಾಳುಗಳು ಬುತ್ತಿಗೆ ಒಯ್ಯುತ್ತಿದ್ದದ್ದು, ಒಳಗೆ ಬೀಫ್ ಇರತ್ತೆ, ತಿನ್ನಲ್ಲ ಅಂದ್ರೆ ಚೀಸ್-ಈರುಳ್ಳಿದು ಕೇಳಿ. ಮತ್ತೆ ಹೊರೆ ಅನ್ನೋ ಮಾತು ಬಿಟ್ಬಿಡಿ ಅಕ್ಕ. ನಿಮ್ಮ ನಡಿಗೆ ಅಳತೆಗೇ ಅವರಿಬ್ರೂ ನಡೀಲಿ, ಆಗಲೇ ಬೋರ್ಡು ಓದೋಕೆ, ಗೋಡೆ ಮುಟ್ಟಿ ನೋಡೋಕೆ ಪುರುಸೊತ್ತು ಸಿಗೋದು.

ಪ್ರಶ್ನೆ: ಇಂಗ್ಲೆಂಡ್ ದೂರದ ಮಾತು. ಎಂಟು ವರ್ಷದ ಮಗನಿಗೆ ಕೆಜಿಎಫ್ ತೋರಿಸ್ಬೇಕು ಅಂತಿದ್ದೀವಿ. ಅಲ್ಲಿ ನಡೆಯೋಕೆ ಇಂಥ ದಾರಿ ಇದೆಯಾ? — ಕುಶಾಲನಗರದ ಓದುಗರು

ಉತ್ತರ: ಕಾರ್ನ್‌ವಾಲ್‌ನ ಗಣಿ ಪ್ರದೇಶಕ್ಕೆ 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟ ಸಿಕ್ತು. ನಮ್ಮ ಕೆಜಿಎಫ್‌ನಲ್ಲಿ 3 ಕಿ.ಮೀ.ಗಿಂತ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿ ಇದ್ರೂ ಅಂಥ ಗೌರವ ಇನ್ನೂ ಸಿಕ್ಕಿಲ್ಲ, ಇದು ನಂಗೆ ನಿಜವಾಗ್ಲೂ ಬೇಜಾರಿನ ಸಂಗತಿ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ತು. ಗಣಿಯ ಆವರಣದೊಳಗೆ ಅನುಮತಿ ಇಲ್ದೆ ಹೋಗೋ ಹಾಗಿಲ್ಲ, ಪ್ರಯತ್ನಾನೂ ಮಾಡ್ಬೇಡಿ. ಊರಿನ ರಸ್ತೆಗಳಲ್ಲೇ ನಡೀರಿ, ಹಳೇ ಬಂಗಲೆಗಳು, ಚರ್ಚುಗಳು, ಗಣಿ ಕಾರ್ಮಿಕರ ಲೈನ್ ಮನೆಗಳು, ದೂರದಿಂದ ಶಾಫ್ಟಿನ ಕಬ್ಬಿಣದ ಗೋಪುರ, ಇಷ್ಟು ನೋಡೋಕೇ ಅರ್ಧ ದಿನ ಬೇಕು.

ಬೆಂಗಳೂರಿಂದ ಮಾರಿಕುಪ್ಪಂ ರೈಲಲ್ಲೇ ಹೋಗಿ. ಕೊಡಗಲ್ಲಿ ರೈಲೇ ಇಲ್ವಲ್ಲ, ಮಗನಿಗೆ ಅದೇ ದೊಡ್ಡ ಖುಷಿ, ಊರಗಾಂ, ಚಾಂಪಿಯನ್, ಕೋರಮಂಡಲ್ ಅಂತ ಗಣಿಗಳ ಹೆಸರೇ ಸ್ಟೇಷನ್‌ಗೂ ಇರೋದನ್ನ ಬೋರ್ಡಲ್ಲಿ ಓದ್ಸಿ. ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ಬಂದದ್ದು ಈ ಗಣಿಗೇ, ನಮ್ಮ ಕೊಡಗಲ್ಲಿ ಹುಟ್ಟಿದ ಕಾವೇರಿಯ ನೀರಿಂದ, ಇದನ್ನ ತಪ್ಪದೇ ಹೇಳಿ. ಸೈನೈಡ್ ಗುಡ್ಡ ಅಂತ, ಅದಿರಿನಿಂದ ಚಿನ್ನ ತೆಗೆದ್ಮೇಲೆ ಸುರಿದ ಪುಡಿಯ ಬೂದು ದಿಬ್ಬಗಳು ಕಾಣತ್ತೆ, ಮಕ್ಕಳಿಗೆ ಹತ್ತಿ ಜಾರೋ ಆಸೆ ಬರೋದು ಸಹಜ. ಹತ್ತೋಕೆ ಬಿಡ್ಬೇಡಿ. ಗಾಳಿ ಎದ್ರೆ ಆ ಧೂಳು ಬರೋ ದಿಕ್ಕಿಂದ ದೂರ ಇರಿ, ಊಟಕ್ಕೆ ಮೊದಲು ಕೈ ಚೆನ್ನಾಗಿ ತೊಳೆಸಿ.