ಡೇ ರೇಟ್ ಕೆಲಸ ಸಿಕ್ಕಿದೆ, ಇಂಗ್ಲೆಂಡಿನಲ್ಲಿ ಕಂಪನಿ ಶುರು ಮಾಡಲಾ?

ನಮಸ್ಕಾರ. ನೀವು ಬರೆದಿದ್ದನ್ನು ಓದಿದೆ. ಯಜಮಾನರ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಬಂದಿದ್ದೀರಿ. ಲಂಡನ್ನಿನ ಒಂದು ದೊಡ್ಡ ಬ್ಯಾಂಕಿನಲ್ಲಿ ಟೆಸ್ಟಿಂಗ್ ಕೆಲಸ, ದಿನಕ್ಕೆ 450 ಪೌಂಡ್. ಏಜೆನ್ಸಿಯವರು ಸ್ವಂತ ಲಿಮಿಟೆಡ್ ಕಂಪನಿ ಬೇಕು ಅಂತಾರೆ. ಬೆಂಗಳೂರಿನಲ್ಲಿ ನಿಮ್ಮದೇ ಪ್ರೈವೇಟ್ ಲಿಮಿಟೆಡ್ ಇದೆ, ಅಲ್ಲಿಂದಲೇ ಇನ್‌ವಾಯ್ಸ್ ಕಳಿಸಬಹುದಾ ಅನ್ನೋದು ನಿಮ್ಮ ಪ್ರಶ್ನೆ. ಮುಂದೆ ಮ್ಯೂನಿಕ್‌ನ ಕೆಲಸವೂ ಬರಬಹುದು ಅಂದಿದ್ದೀರಿ. ನಾನು ರೆಡಿಂಗ್‌ನಲ್ಲಿ ಬಹಳ ವರ್ಷದಿಂದ ಇದೇ ರೀತಿ ಕೆಲಸ ಮಾಡಿಕೊಂಡಿದ್ದೇನೆ. ನನಗೆ ಗೊತ್ತಿರೋದನ್ನು ಹೇಳುತ್ತೇನೆ.

ವೀಸಾ ವಿಷಯದಲ್ಲಿ ನಿಮಗೆ ತೊಂದರೆಯಿಲ್ಲ. ಡಿಪೆಂಡೆಂಟ್ ಸಂಗಾತಿ ಇಲ್ಲಿ ಸ್ವಂತ ಉದ್ಯೋಗ ಮಾಡಬಹುದು. ಆದರೆ ಯಜಮಾನರು ತಮ್ಮ ಕೆಲಸ ಬಿಟ್ಟು ನಿಮ್ಮ ಕಂಪನಿ ಮೂಲಕ ಕಾಂಟ್ರ್ಯಾಕ್ಟ್ ಮಾಡೋಕೆ ಆಗಲ್ಲ. ಅವರ ವೀಸಾ ಸ್ಪಾನ್ಸರ್ ಮಾಡಿದ ಕೆಲಸಕ್ಕೆ ಕಟ್ಟುಬಿದ್ದಿದೆ.

ಕಂಪನಿ ತೆರೆಯೋ ಮುಂಚೆ ಐಆರ್35 ಇತ್ಯರ್ಥ ಆಗಲಿ. ಕಂಪನಿ ಅನ್ನೋ ಪರದೆ ಸರಿಸಿ ನೋಡಿದರೆ ನೀವು ನಿಜಕ್ಕೂ ಆ ಬ್ಯಾಂಕಿನ ನೌಕರರ ಥರಾನೇ ಇದ್ದೀರಾ ಅಂತ ಕೇಳೋ ನಿಯಮ ಅದು, 2000ನೇ ಇಸವಿಯಿಂದ ಇದೆ. 2021ರ ಏಪ್ರಿಲ್‌ನಿಂದ ಖಾಸಗಿ ವಲಯದಲ್ಲೂ ಮಧ್ಯಮ ಮತ್ತು ದೊಡ್ಡ ಸಂಸ್ಥೆಗಳೇ ಇದನ್ನು ತೀರ್ಮಾನಿಸಿ, ಕಾರಣ ಸಮೇತ ಬರಹದಲ್ಲಿ ಕೊಡಬೇಕು. ಅದಕ್ಕೆ ಸ್ಟೇಟಸ್ ಡಿಟರ್ಮಿನೇಷನ್ ಸ್ಟೇಟ್‌ಮೆಂಟ್ ಅಂತಾರೆ. ನೌಕರರ ಥರಾನೇ ಅಂತ ತೀರ್ಮಾನ ಆದರೆ 'ಇನ್‌ಸೈಡ್', ಅಲ್ಲ ಅಂತಾದರೆ 'ಔಟ್‌ಸೈಡ್'. ಏಜೆನ್ಸಿಯವರು ಫೋನಿನಲ್ಲಿ "ಔಟ್‌ಸೈಡ್, ಏನೂ ಯೋಚನೆ ಮಾಡಬೇಡಿ" ಅಂದರೆ ಅದು ಲೆಕ್ಕಕ್ಕಿಲ್ಲ. ಕಾಂಟ್ರ್ಯಾಕ್ಟಿನಲ್ಲಿ ಏನು ಬರೆದಿದೆ ಅನ್ನೋದಕ್ಕಿಂತ ಕೆಲಸ ಹೇಗೆ ನಡೆಯುತ್ತೆ ಅನ್ನೋದು ಮುಖ್ಯ. ನಿಮ್ಮ ಬದಲು ಬೇರೊಬ್ಬರನ್ನು ಕಳಿಸಬಹುದಾ? ಕೆಲಸ ಹೇಗೆ, ಯಾವಾಗ ಮಾಡಬೇಕು ಅಂತ ಹೇಳೋರು ಯಾರು? ಅವರು ಕೆಲಸ ಕೊಡಲೇಬೇಕು, ನೀವು ಮಾಡಲೇಬೇಕು ಅಂತ ಇದೆಯಾ? ಉತ್ತರ 'ಇನ್‌ಸೈಡ್' ಅಂತ ಬಂದರೆ ಹಣ ನಿಮ್ಮ ಕಂಪನಿಗೆ ಬರೋ ಮುಂಚೆಯೇ ಸಂಬಳದ ಹಾಗೆ ತೆರಿಗೆ ಕಡಿತ ಆಗುತ್ತೆ. ಆಗ ಸುಮ್ನೆ ಕಂಪನಿ ಯಾಕೆ? ಒಳ್ಳೆಯ ಅಂಬ್ರೆಲಾ ಕಂಪನಿ ಸಾಕು, ಅಂದರೆ ನಿಮ್ಮನ್ನು ತನ್ನ ನೌಕರರಾಗಿ ಇಟ್ಟುಕೊಂಡು, ತೆರಿಗೆ ಕಳೆದು ಸಂಬಳ ಕೊಡೋ ಕಂಪನಿ.

ಅಂಬ್ರೆಲಾ ಅಂದಾಗ ಒಂದು ಮಾತು ಒತ್ತಿ ಹೇಳಲೇಬೇಕು. "ಶೇಕಡಾ 85–90 ನಿಮ್ಮ ಕೈಗೆ" ಅಂತ ಯಾರಾದರೂ ಹೇಳಿದರೆ ಆ ಕ್ಷಣವೇ ದೂರ ಸರಿಯಿರಿ. ಸಣ್ಣ ಸಂಬಳ ಕೊಟ್ಟು, ಉಳಿದಿದ್ದನ್ನು ಯಾವುದೋ ದ್ವೀಪದ ಟ್ರಸ್ಟಿನಿಂದ 'ಸಾಲ' ಅಂತ ಕೊಡೋದು ಇಂಥ ಯೋಜನೆಗಳ ದಾರಿ. ಯಾರೂ ವಾಪಸ್ ಕೇಳದ ಸಾಲ. 2019ರ ಏಪ್ರಿಲ್ 5ಕ್ಕೆ ಬಾಕಿ ಇದ್ದ ಅಂಥ ಸಾಲಗಳನ್ನೆಲ್ಲ ಒಂದೇ ವರ್ಷದ ಆದಾಯ ಅಂತ ಲೆಕ್ಕ ಹಿಡಿದು ಸರ್ಕಾರದವರು ತೆರಿಗೆ ಕೇಳಿದರು. ಅದೇ ಲೋನ್ ಚಾರ್ಜ್. 2010ರ ಡಿಸೆಂಬರ್ 9ಕ್ಕಿಂತ ಹಿಂದಿನ ಸಾಲಗಳನ್ನು ಆಮೇಲೆ ಕೈಬಿಟ್ಟರು, ಆದರೂ ಸಾವಿರಾರು ಸಂಸಾರಗಳು ನಲುಗಿಹೋದವು. ಯೋಜನೆ ಮಾರಿದವರು ಕಮಿಷನ್ ತಗೊಂಡು ಹೋದರು. ಬಿಲ್ ಬಂದಿದ್ದು ದುಡಿದವರ ಮನೆಗೆ. ಹೊಸದಾಗಿ ಬಂದ ನಮ್ಮವರಿಗೆ ಇಂಥವರು ಬೇಗ ಗಂಟುಬೀಳುತ್ತಾರೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಬೆಂಗಳೂರಿನ ಕಂಪನಿಯಿಂದ ಇನ್‌ವಾಯ್ಸ್ ಬೇಡ. ಕಂಪನಿ ಎಲ್ಲಿ ನೋಂದಣಿ ಆಗಿದೆ ಅನ್ನೋದರ ಜೊತೆಗೆ, ಅದರ ನಿಜವಾದ ನಿರ್ಧಾರಗಳು ಎಲ್ಲಿ ಆಗುತ್ತವೆ ಅನ್ನೋದನ್ನೂ ಇಲ್ಲಿನ ತೆರಿಗೆ ಇಲಾಖೆ ನೋಡುತ್ತೆ. 1906ರಲ್ಲೇ ಡಿ ಬೀರ್ಸ್ ಪ್ರಕರಣದಲ್ಲಿ ಇದು ತೀರ್ಮಾನ ಆಗಿದೆ. ವಜ್ರದ ಗಣಿ, ನೋಂದಣಿ ಎರಡೂ ದಕ್ಷಿಣ ಆಫ್ರಿಕಾದಲ್ಲಿ, ಹಿಡಿತ ಮಾತ್ರ ಲಂಡನ್ನಿನಲ್ಲಿ. ಹಾಗಾಗಿ ತೆರಿಗೆಯೂ ಇಲ್ಲೇ ಅಂದರು. ನೀವು ಇಲ್ಲಿ ಕೂತು ಇಲ್ಲಿನ ಕ್ಲೈಂಟಿಗೆ ಕೆಲಸ ಮಾಡಿ, ಎಲ್ಲ ನಿರ್ಧಾರ ನೀವೇ ತಗೊಂಡರೆ ಎರಡೂ ದೇಶಕ್ಕೆ ಉತ್ತರ ಹೇಳಬೇಕಾಗುತ್ತೆ.

ಇನ್ನೊಂದು ವಿಷಯ ಎಷ್ಟೋ ಜನರ ಗಮನಕ್ಕೆ ಬರಲ್ಲ. ಇಲ್ಲಿ ಕಂಪನಿಯ ಲಾಭ 50,000 ಪೌಂಡ್ ಒಳಗಿದ್ದರೆ ಕಾರ್ಪೊರೇಷನ್ ತೆರಿಗೆ ಶೇಕಡಾ 19. ಅಲ್ಲಿಂದ ಏರುತ್ತಾ ಹೋಗಿ 2,50,000 ದಾಟಿದರೆ ಶೇಕಡಾ 25. ಆದರೆ ನಿಮ್ಮ ಹಿಡಿತದಲ್ಲಿರೋ ಬೇರೆ ಕಂಪನಿ ವ್ಯವಹಾರ ಮಾಡುತ್ತಿದ್ದರೆ, ಅದು ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ಈ ಮಿತಿಗಳು ಹಂಚಿಹೋಗುತ್ತವೆ. ಬೆಂಗಳೂರಿನದು ನಡೆಯುತ್ತಿದ್ದರೆ ನಿಮ್ಮ 50,000 ಇಲ್ಲಿ 25,000 ಆಗುತ್ತೆ. ಅಕೌಂಟೆಂಟ್ ತಾವಾಗಿ ಕೇಳದಿದ್ದರೂ ನೀವೇ ಹೇಳಿ.

'ಔಟ್‌ಸೈಡ್' ಅಂತ ಬಂದರೆ ನೋಂದಣಿ ಕಷ್ಟವಲ್ಲ. ಕಂಪನಿಗಳನ್ನು ನೋಂದಾಯಿಸೋ ಸರ್ಕಾರಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ಆನ್‌ಲೈನ್ ಆಗುತ್ತೆ, 2025ರ ನವೆಂಬರ್‌ನಿಂದ ಡೈರೆಕ್ಟರ್‌ಗಳ ಗುರುತಿನ ಪರಿಶೀಲನೆ ಕಡ್ಡಾಯ. ಕಂಪನಿಯ ವಿಳಾಸ ಎಲ್ಲರಿಗೂ ಕಾಣುತ್ತೆ, ಮನೆ ವಿಳಾಸ ಕೊಡಬೇಡಿ. ಅಕೌಂಟೆಂಟ್ ಆಫೀಸಿನದು ಕೊಡಿ. ವ್ಯವಹಾರ ಶುರುವಾದ 3 ತಿಂಗಳೊಳಗೆ ಕಾರ್ಪೊರೇಷನ್ ತೆರಿಗೆಗೆ ನೋಂದಾಯಿಸಬೇಕು. ವಾರ್ಷಿಕ ಲೆಕ್ಕಪತ್ರ ಒಂದು ದಿನ ತಡವಾದರೂ 150 ಪೌಂಡ್ ದಂಡ.

ವ್ಯಾಟ್ (ಮಾರಾಟದ ಮೇಲಿನ ತೆರಿಗೆ) ನೋಂದಣಿ ಕಡ್ಡಾಯ ಆಗೋ ವಹಿವಾಟಿನ ಮಿತಿ ಯಾವುದೇ 12 ತಿಂಗಳಿಗೆ 90,000 ಪೌಂಡ್. ದಿನಕ್ಕೆ 450ರಂತೆ 220 ದಿನಕ್ಕೆ 99,000 ಆಗುತ್ತೆ, ಮಿತಿ ದಾಟುತ್ತೆ. ಮೊದಲಿನಿಂದಲೇ ನೋಂದಾಯಿಸೋದು ಒಳ್ಳೆಯದು. ಇನ್‌ವಾಯ್ಸ್ ಮೇಲೆ ಹಾಕೋ ಶೇಕಡಾ 20 ಸರ್ಕಾರದ್ದು, ಅದನ್ನು ಬೇರೆ ಖಾತೆಯಲ್ಲೇ ಇಡಿ. ಕಾರ್ಪೊರೇಷನ್ ತೆರಿಗೆಯ ಪಾಲನ್ನೂ ಆಯಾ ತಿಂಗಳೇ ಅಲ್ಲಿಗೆ ಹಾಕಿ, ಯಾಕೆಂದರೆ ಅದನ್ನು ಕಟ್ಟೋದು ವರ್ಷ ಮುಗಿದು 9 ತಿಂಗಳ ಮೇಲೆ. ಅಷ್ಟು ದಿನ ಖಾತೆಯಲ್ಲಿ ಕಾಣೋ ದುಡ್ಡು ನಮ್ಮದೇ ಅನ್ನಿಸಿಬಿಡುತ್ತೆ. ಕಂಪನಿ ಹಣ ನಿಮಗೆ ಬರೋದು ಸಂಬಳವಾಗಿ ಅಥವಾ ತೆರಿಗೆ ಕಳೆದ ಲಾಭದ ಡಿವಿಡೆಂಡ್ ಆಗಿ. ಸುಮ್ನೆ ತೆಗೆದುಕೊಂಡರೆ ಅದು ಡೈರೆಕ್ಟರ್ ಸಾಲ. ಸಮಯಕ್ಕೆ ತೀರಿಸದಿದ್ದರೆ ಕಂಪನಿ ಆ ಮೊತ್ತದ ಮೂರನೇ ಒಂದಕ್ಕಿಂತ ಜಾಸ್ತಿ ತೆರಿಗೆ ಕಟ್ಟಬೇಕು. ಸಾಲ ತೀರಿದ ಮೇಲಷ್ಟೇ ಅದು ವಾಪಸ್.

ಮ್ಯೂನಿಕ್ ಕೆಲಸ ನಿಮ್ಮ ಮನೆಯಿಂದಲೇ ಆಗೋದಾದರೆ ಸುಲಭ, ಜರ್ಮನ್ ಕಂಪನಿಗೆ ಇಲ್ಲಿನ ವ್ಯಾಟ್ ಹಾಕೋ ಹಾಗಿಲ್ಲ. ಅಲ್ಲಿಗೇ ಹೋಗಿ ಮಾಡಬೇಕಾದರೆ ಭಾರತದ ಪಾಸ್‌ಪೋರ್ಟಿಗೆ ಜರ್ಮನಿಯದೇ ಕೆಲಸದ ಪರವಾನಗಿ ಬೇಕು. ಬ್ರಿಟನ್ನಿನ ವೀಸಾ ಅಲ್ಲಿ ನಡೆಯಲ್ಲ.

ಈಗ ಏಜೆನ್ಸಿಗೆ ಮೇಲ್ ಬರೆದು ಐಆರ್35ರ ಆ ಸ್ಟೇಟ್‌ಮೆಂಟ್ ಕೇಳಿ. ಬಂದ ಮೇಲೆ ಬ್ಯಾಂಕಿನ ಹೆಸರು ಅಳಿಸಿ ನನಗೂ ಕಳಿಸಿ, ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.