ಡಲ್ಲಾಸ್‌ನಲ್ಲಿದ್ದುಕೊಂಡು ಲೆಡ್‌ವಿಲ್ 100 ಮೌಂಟನ್ ಬೈಕ್ ರೇಸ್‌ಗೆ ಹೇಗೆ ತಯಾರಾಗುವುದು?

ನಿಮ್ಮ ಪ್ರಶ್ನೆ ಇಷ್ಟು: ಇರುವುದು ಡಲ್ಲಾಸ್‌ನಲ್ಲಿ, ವಯಸ್ಸು 41. ಕೊಲರಾಡೋದ ಲೆಡ್‌ವಿಲ್ 100 ಮೌಂಟನ್ ಬೈಕ್ ರೇಸ್‌ನ ಲಾಟರಿಯಲ್ಲಿ ಹೆಸರು ಬಂದಿದೆ. ಆಗಸ್ಟ್‌ಗೆ ಇನ್ನು ಆರು ತಿಂಗಳಿದೆ, ಸುತ್ತಮುತ್ತ ಬೆಟ್ಟ ಅನ್ನೋದೇ ಇಲ್ಲ. ರೇಸ್‌ಗೆ ಮುಂಚೆ ಒಂದು ಸಲವಾದರೂ 100 ಮೈಲಿ ಪೂರ್ತಿ ತುಳಿದಿರಬೇಕಾ ಅಂತಲೂ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಕಿಲ್ಲ. ಆರು, ಹೆಚ್ಚೆಂದರೆ ಏಳು ಗಂಟೆಯ ರೈಡ್ ಸಾಕು. ಅದಕ್ಕಿಂತ ಉದ್ದ ಹೋದರೆ ಸುಧಾರಿಸಿಕೊಳ್ಳೋಕೆ ಒಂದು ವಾರ ಬೇಕು, ಆ ವಾರದ ಅಭ್ಯಾಸವೆಲ್ಲ ಹೋಯಿತು.

ನಾನು ಡೆನ್ವರ್‌ನಲ್ಲಿರುವವನು. ಈ ರೇಸ್ ಮುಗಿಸಿದ್ದೇನೆ, ದಾರಿಯಲ್ಲಿ ತಿಂಡಿ, ನೀರು ಕೊಡುವ ಕ್ರೂ ಆಗಿ ಗೆಳೆಯರಿಗಾಗಿ ನಿಂತೂ ಇದ್ದೇನೆ. ಅಲ್ಲಿ ಕಾಲಲ್ಲಿ ಬಲ ಸಾಲದೆ ಅರ್ಧಕ್ಕೆ ನಿಲ್ಲಿಸಿದವರನ್ನು ನಾನು ಕಂಡಿದ್ದು ಕಡಿಮೆ. ಹೊಟ್ಟೆ ಕೈಕೊಟ್ಟವರು, ಬೆಳಗ್ಗೆ ಮೊದಲ ಏರಿನಲ್ಲೇ ಜೋಶ್‌ನಲ್ಲಿ ತುಳಿದು ಸುಸ್ತಾದವರೇ ಜಾಸ್ತಿ. ಹಾಗಾಗಿ ನಿಮ್ಮ ಆರು ತಿಂಗಳು ಮುಖ್ಯವಾಗಿ ಎರಡು ವಿಷಯಕ್ಕೆ ಹೋಗಲಿ: ನಿಧಾನವಾಗಿ ತುಂಬಾ ಹೊತ್ತು ತುಳಿಯುವುದು, ತುಳಿಯುತ್ತಲೇ ತಿನ್ನುವುದು.

ದಾರಿ ಹೇಗಿದೆ ಅಂತ ಮೊದಲು ತಿಳಿದುಕೊಳ್ಳಿ. ಡಲ್ಲಾಸ್ ಇರುವುದು ಸುಮಾರು 430 ಅಡಿ ಎತ್ತರದಲ್ಲಿ. ಲೆಡ್‌ವಿಲ್ ಊರೇ 10,150 ಅಡಿ ಮೇಲಿದೆ. ಹಳೇ ಗಣಿ ಊರು ಅದು. 1980ರ ದಶಕದ ಶುರುವಿನಲ್ಲಿ ಪಕ್ಕದ ಕ್ಲೈಮ್ಯಾಕ್ಸ್ ಮಾಲಿಬ್ಡಿನಮ್ ಗಣಿ ನಿಂತುಹೋಗಿ ಸಾವಿರಾರು ಜನರ ಕೆಲಸ ಹೋಯಿತು. ಆಗ ಕೆನ್ ಕ್ಲೌಬರ್ ಅನ್ನುವ ಗಣಿ ಕೆಲಸಗಾರರು 1983ರಲ್ಲಿ 100 ಮೈಲಿ ಓಟದ ಸ್ಪರ್ಧೆ ಶುರು ಮಾಡಿದರು. ಹೊರಗಿನವರು ಬಂದು ರಾತ್ರಿ ಉಳಿದರೆ ಊರಲ್ಲಿ ನಾಲ್ಕು ಕಾಸು ಓಡಾಡುತ್ತೆ ಅನ್ನೋದು ಲೆಕ್ಕ. ಸೈಕಲ್ ರೇಸ್ ಸೇರಿದ್ದು 1994ರಲ್ಲಿ. ಇವತ್ತಿಗೂ ರೇಸ್ ದಿನ ಇಡೀ ಊರು ಬೀದಿಯಲ್ಲಿರುತ್ತದೆ. ನನಗೆ ಆ ಊರಿನ ಮೇಲೆ ತುಂಬಾ ಪ್ರೀತಿ.

ಬೆಳಗ್ಗೆ ಆರೂವರೆಗೆ ಬಂದೂಕು ಹಾರಿಸಿ ಬಿಡುತ್ತಾರೆ. ಮೊದಲು ಸೇಂಟ್ ಕೆವಿನ್ಸ್ ಏರು, ಆಮೇಲೆ ಶುಗರ್‌ಲೋಫ್. ಅಲ್ಲಿಂದ ಪವರ್‌ಲೈನ್ ಅನ್ನುವ ಕಡಿದಾದ ಇಳಿಜಾರು. ನಂತರ ಟ್ವಿನ್ ಲೇಕ್ಸ್ ಕೆರೆಯ ತನಕ ಸಣ್ಣ ಸಣ್ಣ ಏರಿಳಿತ. ಅಲ್ಲಿಂದ ಕೊಲಂಬೈನ್ ಗಣಿಯ ಹತ್ತಿರಕ್ಕೆ, 12,400 ಅಡಿಗೂ ಮೇಲಕ್ಕೆ ಹತ್ತಿ, ಬಂದ ದಾರಿಯಲ್ಲೇ ವಾಪಸ್. ಒಟ್ಟು ಸುಮಾರು 105 ಮೈಲಿ, ಅಂದರೆ ಹತ್ತಿರ ಹತ್ತಿರ 170 ಕಿಲೋಮೀಟರ್. ಎಲ್ಲ ಏರುಗಳನ್ನೂ ಕೂಡಿಸಿದರೆ ಹತ್ತುವುದು ಸುಮಾರು 12,000 ಅಡಿ. ಹನ್ನೆರಡು ಗಂಟೆಯೊಳಗೆ ಮುಗಿಸಿದರೆ ಬೆಲ್ಟಿನ ಬಕಲ್ ಕೊಡುತ್ತಾರೆ, ಒಂಬತ್ತು ಗಂಟೆಯೊಳಗಾದರೆ ದೊಡ್ಡ ಬಕಲ್. ದೊಡ್ಡದನ್ನು ಈ ವರ್ಷಕ್ಕೆ ಮರೆತುಬಿಡಿ. ಹನ್ನೆರಡು ಗಂಟೆ ಅಂದರೆ, ನಿಂತ ಹೊತ್ತೂ ಸೇರಿ, ಗಂಟೆಗೆ ಒಂಬತ್ತು ಮೈಲಿಗಿಂತ ಸ್ವಲ್ಪ ಕಡಿಮೆ. ಕೇಳೋಕೆ ಸುಲಭ ಅನ್ನಿಸುತ್ತೆ, ಅಲ್ವಾ? ಆದರೆ ಆ ಎತ್ತರದಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಶೇಕಡಾ 30ರಷ್ಟು ಕಡಿಮೆ. ಕೊಲಂಬೈನ್ ಮೇಲೆ ಇನ್ನೂ ಕಡಿಮೆ. ಡಲ್ಲಾಸ್‌ನಲ್ಲಿ ನೀವು ಒಂದು ಗಂಟೆ ಹಿಡಿದಿಡಬಲ್ಲ ವಾಟ್ಸ್‌ನಲ್ಲಿ, ಅಂದರೆ ತುಳಿತದ ಶಕ್ತಿಯಲ್ಲಿ, ಐದನೇ ಒಂದು ಪಾಲು ಕಳೆದುಕೊಂಡೇ ಲೆಕ್ಕ ಹಾಕಿ.

ಈಗ ಅಭ್ಯಾಸಕ್ಕೆ ಬರೋಣ. ವಾರಕ್ಕೆ ಎಂಟರಿಂದ ಹತ್ತು ಗಂಟೆ ಸಿಕ್ಕಿದರೆ ಆಗುತ್ತದೆ. ಕೆಲಸ, ಸಂಸಾರ ಇರುವವರಿಗೆ ಅದಕ್ಕಿಂತ ಜಾಸ್ತಿ ಕಷ್ಟ. ಅದರಲ್ಲಿ ಮುಕ್ಕಾಲು ಪಾಲು, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಹೋಗುವಷ್ಟು ನಿಧಾನವಿರಲಿ. ಮೊದಲ ಎರಡು ತಿಂಗಳು ಬರೀ ಇದೇ. ನಿಮ್ಮ ಗುಂಪಿನವರು ಹಿಂದೆ ಹಾಕಿ ಹೋದರೆ ಹೋಗಲಿ ಬಿಡಿ. ಹತ್ತು ಹನ್ನೆರಡು ಗಂಟೆ ಒಂದೇ ಸಮ ಕೆಲಸ ಮಾಡುವ ಶಕ್ತಿ ಈ ವೇಗದಲ್ಲೇ ಕೂಡುವುದು. ದೇಹ ಕೊಬ್ಬನ್ನು ಉರಿಸೋದನ್ನು ಕಲಿಯುತ್ತದೆ, ಸ್ನಾಯುಗಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಹೆಚ್ಚುತ್ತವೆ. ಇದಕ್ಕೆ ತಿಂಗಳುಗಟ್ಟಲೆ ಬೇಕು, ಜುಲೈನಲ್ಲಿ ಅವಸರ ಮಾಡಿದರೆ ಬರುವುದಿಲ್ಲ.

ಶನಿವಾರ ಉದ್ದದ ರೈಡ್. ಮೂರು ಗಂಟೆಯಿಂದ ಶುರು ಮಾಡಿ ಜುಲೈ ಹೊತ್ತಿಗೆ ಆರಕ್ಕೆ ತನ್ನಿ. ಭಾನುವಾರ ದಣಿದ ಕಾಲಲ್ಲೇ ಎರಡು ಗಂಟೆ ತುಳಿಯಿರಿ. ಈ ಭಾನುವಾರದ್ದನ್ನು ತಪ್ಪಿಸಬೇಡಿ. ರೇಸಿನ ಎಂಬತ್ತನೇ ಮೈಲಿಯಲ್ಲಿ ಕಾಲು ಹೇಗಿರುತ್ತೆ ಅನ್ನೋದು ಅದರಲ್ಲೇ ಗೊತ್ತಾಗೋದು. ಏಪ್ರಿಲ್‌ನಿಂದ ವಾರಕ್ಕೆ ಒಂದು ಸಲ, ಆಮೇಲೆ ಎರಡು ಸಲ, ಇಪ್ಪತ್ತು ನಿಮಿಷದ ಗಟ್ಟಿ ತುಳಿತ ಸೇರಿಸಿ. ಮೂರು ಸುತ್ತು, ನಡುವೆ ಐದು ನಿಮಿಷ ಬಿಡುವು. ಏದುಸಿರು ಬರುವಷ್ಟು ಬೇಡ, ಎರಡು ಮೂರು ಪದ ಆಡಲು ಆಗುವಷ್ಟು. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ.

ಬೆಟ್ಟ ಇಲ್ಲ ಅನ್ನುವ ಚಿಂತೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಟೆಕ್ಸಾಸ್‌ನಲ್ಲಿ ಎದುರುಗಾಳಿಗೆ ಬರವೇನು? ಗಾಳಿಗೆ ಮುಖ ಮಾಡಿ ಒಂದೂವರೆ ಗಂಟೆ, ಪೆಡಲ್ ನಿಲ್ಲಿಸದೆ ತುಳಿದರೆ ಏರು ಹತ್ತಿದಷ್ಟೇ ಕೆಲಸ. ಮನೆಯಲ್ಲಿ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡ್) ಇದ್ದರೆ ಮುಂದಿನ ಚಕ್ರದ ಕೆಳಗೆ ಒಂದು ದಪ್ಪ ಹಲಗೆ ಇಟ್ಟು, ಭಾರದ ಗೇರಿನಲ್ಲಿ ನಿಮಿಷಕ್ಕೆ ಅರವತ್ತು ಸುತ್ತಿನಂತೆ ತುಳಿಯಿರಿ. ಏರಿನಲ್ಲಿ ಸೊಂಟ ಹೇಗೆ ಕೂರುತ್ತೆ ಅನ್ನೋದು ಅಭ್ಯಾಸವಾಗುತ್ತದೆ. ಮಣ್ಣಿನ ದಾರಿಗೆ ಗ್ರೇಪ್‌ವೈನ್ ಕೆರೆಯ ನಾರ್ತ್‌ಶೋರ್ ಟ್ರೇಲ್ ಇದೆ, ಸೀಡರ್ ಹಿಲ್ ಸ್ಟೇಟ್ ಪಾರ್ಕ್ ಇದೆ. ಮಳೆ ಬಿದ್ದರೆ ಅವನ್ನು ಮುಚ್ಚುತ್ತಾರೆ. ಆ ಜೇಡಿಮಣ್ಣು ಟೈರಿಗೆ ಮೆತ್ತಿಕೊಂಡರೆ ಚಕ್ರವೇ ತಿರುಗದು. ಅಂಥ ದಿನ ಸುಮ್ನೆ ಟ್ರೇನರ್ ಹತ್ತಿ. ಮೇ ಮತ್ತು ಜೂನ್‌ನಲ್ಲಿ ಒಂದೆರಡು ವಾರಾಂತ್ಯ ಬಿಡುವು ಮಾಡಿಕೊಂಡು ಒಕ್ಲಹೋಮಾ ಗಡಿಯ ಟಾಲಿಮೀನಾ ಘಾಟಿಗೆ ಹೋಗಿ ಬನ್ನಿ. ಟಾರು ರಸ್ತೆಯೇ ಆದರೂ ಏರು ನಿಜಕ್ಕೂ ಗಟ್ಟಿ, ಉದ್ದ. ಡಲ್ಲಾಸ್‌ನ ಸೆಕೆಯೂ ವ್ಯರ್ಥವಲ್ಲ. ಬಿಸಿಲಲ್ಲಿ ಕೆಲವು ವಾರ ತುಳಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯಕ್ಕೆ ಕೆಲಸ ಸ್ವಲ್ಪ ಹಗುರಾಗುತ್ತದೆ.

ಯಾರೂ ಹೇಳದ ಒಂದು ಅಭ್ಯಾಸ ಇದೆ: ಸೈಕಲ್ ತಳ್ಳಿಕೊಂಡು ನಡೆಯುವುದು. ಕೊಲಂಬೈನ್‌ನ ಕೊನೆಯ ಎರಡು ಮೂರು ಮೈಲಿ, ಮರಗಳು ಮುಗಿದು ಬರೀ ಸಡಿಲ ಕಲ್ಲು ಶುರುವಾದ ಮೇಲೆ, ನಮ್ಮಂಥವರೆಲ್ಲ ಇಳಿದು ತಳ್ಳುವವರೇ. ಒಂದು ಪಕ್ಕದಲ್ಲಿ ತಳ್ಳುವವರ ಸಾಲು, ಇನ್ನೊಂದು ಪಕ್ಕದಲ್ಲಿ ಮೇಲಿಂದ ಜೋರಾಗಿ ಇಳಿದು ಬರುವವರು. ಬೆಳಗ್ಗೆ ಇಳಿದ ಪವರ್‌ಲೈನ್ ಅನ್ನು ಸಂಜೆ ಹತ್ತುವಾಗಲೂ ಅಷ್ಟೇ. ಅದರ ಬುಡದಲ್ಲಿ ಏರು ಶೇಕಡಾ 20 ದಾಟುತ್ತದೆ, ನೆಲ ಮಳೆನೀರು ಕೊರೆದು ಸೀಳುಸೀಳಾಗಿದೆ. ತಲೆ ಮೇಲೆ ವಿದ್ಯುತ್ ತಂತಿ, ಮುಂದೆ ಇಪ್ಪತ್ತು ಮೂವತ್ತು ಬೆನ್ನು, ಯಾರೂ ಮಾತಾಡುತ್ತಿರುವುದಿಲ್ಲ. ಶೂಗಳು ಜಲ್ಲಿಯಲ್ಲಿ ಕರಕರ ಅನ್ನೋದಷ್ಟೇ ಕೇಳಿಸುತ್ತೆ. ತುದಿ ಬಂತು ಅಂತ ತಲೆ ಎತ್ತಿದರೆ ಇನ್ನೊಂದು ದಿಬ್ಬ, ಅದು ಮುಗಿದರೆ ಮತ್ತೊಂದು. ಅಷ್ಟು ಹೊತ್ತು ಸೊಂಟ ಬಗ್ಗಿಸಿ ಹ್ಯಾಂಡಲ್ ದೂಡುತ್ತಾ ನಡೆದರೆ ಮೀನಖಂಡ, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಪಾರ್ಕಿಂಗ್ ಗ್ಯಾರೇಜಿನ ಇಳಿಜಾರಿನಲ್ಲೋ, ಕೆರೆ ಕಟ್ಟೆಯ ಮೇಲೋ, ಅದೇ ಶೂ ಹಾಕಿಕೊಂಡು ಇಪ್ಪತ್ತು ನಿಮಿಷ ತಳ್ಳಿ. ರಸ್ತೆ ಸೈಕಲ್ಲಿನ ನುಣುಪು ಅಡಿಯ ಶೂ ಬೇಡ, ಹಿಡಿತ ಇರುವ ರಬ್ಬರ್ ಅಡಿ ಇರಲಿ.

ಊಟದ ವಿಷಯ. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಅಭ್ಯಾಸ ಇಲ್ಲದ ಹೊಟ್ಟೆಗೆ ಅಷ್ಟನ್ನು ತುಂಬಿದರೆ ವಾಂತಿಯೇ. 30 ಗ್ರಾಂನಿಂದ ಶುರು ಮಾಡಿ, ಪ್ರತಿ ಶನಿವಾರ ಸ್ವಲ್ಪ ಸ್ವಲ್ಪ ಏರಿಸಿ. ಕರುಳು ಕೂಡ ಕಲಿಯುತ್ತದೆ. ದುಬಾರಿ ಪುಡಿಗಳೇ ಬೇಕು ಅಂತಿಲ್ಲ. ಮನೆಯ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಎರಡನ್ನೂ ಕರುಳು ಬೇರೆ ಬೇರೆ ದಾರಿಯಲ್ಲಿ ಒಳಗೆ ತಗೊಳ್ಳುವುದರಿಂದ ಒಂದೇ ಬಗೆಯ ಸಕ್ಕರೆಗಿಂತ ಜಾಸ್ತಿ ಹಿಡಿಸುತ್ತದೆ. ನಾನು ಮಾಡುವುದು ನಮ್ಮ ನಿಂಬೆ ಪಾನಕವನ್ನೇ: 750 ಮಿಲಿ ಬಾಟಲಿಗೆ ಐದು ಟೇಬಲ್ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಅದರಲ್ಲೇ 60 ಗ್ರಾಂ ಆಯಿತು. ಏಲಕ್ಕಿ ಹಾಕಬೇಡಿ, ಆರನೇ ಗಂಟೆಗೆ ಆ ವಾಸನೆಗೇ ಹೊಟ್ಟೆ ತೊಳೆಸುತ್ತದೆ. ಗಟ್ಟಿ ತಿನ್ನೋಕೆ ಎಣ್ಣೆ ಕಡಿಮೆ ಹಾಕಿದ ಪುಳಿಯೋಗರೆಯನ್ನು ಒತ್ತಿ ಉಂಡೆ ಮಾಡಿ ಫಾಯಿಲ್‌ನಲ್ಲಿ ಸುತ್ತಿಕೊಳ್ಳುತ್ತೇನೆ. ಕಡಲೆಬೀಜ ಮಾತ್ರ ತೆಗೆದುಬಿಡಿ, ಏದುಸಿರಲ್ಲಿ ಅದು ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಬಾಳೆಹಣ್ಣೂ ಒಳ್ಳೆಯದು. ಚಿಕ್ಕಿ ಚೆನ್ನಾಗೇನೋ ಇರುತ್ತೆ, ಆದರೆ ಬೆಳಗಿನ ಚಳಿಯಲ್ಲಿ ಕಲ್ಲಾಗಿ ಹಲ್ಲಿಗೆ ಬಗ್ಗುವುದಿಲ್ಲ. ಗಟ್ಟಿ ತಿಂಡಿಯನ್ನೆಲ್ಲ ಟ್ವಿನ್ ಲೇಕ್ಸ್ ತಲುಪುವ ಮುಂಚೆಯೇ ಮುಗಿಸಿ. ಎತ್ತರಕ್ಕೆ ಹೋದಂತೆ ಹಸಿವು ಸತ್ತುಹೋಗುತ್ತದೆ. ಕೊಲಂಬೈನ್ ಮೇಲೆ ಬರೀ ದ್ರವ. ಹಸಿವಾದಾಗ ತಿನ್ನೋಣ ಅಂದುಕೊಳ್ಳಬೇಡಿ, ವಾಚಿನಲ್ಲಿ ಇಪ್ಪತ್ತು ನಿಮಿಷಕ್ಕೊಂದು ಅಲಾರಂ ಇಡಿ.

ಸೈಕಲ್ ಬಗ್ಗೆ ಹೆಚ್ಚೇನಿಲ್ಲ. ಈಗಿರುವುದೇ ಸಾಕು, ಹೊಸದಕ್ಕೆ ಸಾಲ ಮಾಡಬೇಡಿ. ಟ್ಯೂಬ್‌ಲೆಸ್ ಟೈರು, ಮುಂದೆ 30 ಅಥವಾ 32 ಹಲ್ಲಿನ ಚೈನ್‌ರಿಂಗ್, ಹಿಂದೆ 50 ಹಲ್ಲಿನ ಆಸುಪಾಸಿನ ದೊಡ್ಡ ಕಾಗ್ (ಹಲ್ಲುಚಕ್ರ), ಹೊಸ ಬ್ರೇಕ್ ಪ್ಯಾಡ್. ಜೊತೆಗೆ ಒಂದು ಟ್ಯೂಬ್, ಟೈರಿನ ತೂತು ಮುಚ್ಚುವ ಪ್ಲಗ್, ಚೈನ್ ಲಿಂಕ್.

ರಜೆ ಎಷ್ಟು ಸಿಗುತ್ತೆ ಅನ್ನೋದು ನೀವು ಹೇಳಿಲ್ಲ. ಹತ್ತು ದಿನ ಮುಂಚೆ ಬರಲು ಆದರೆ ಬನ್ನಿ, ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ. ನೇರವಾಗಿ ಲೆಡ್‌ವಿಲ್‌ನಲ್ಲಿ ಮಲಗಬೇಡಿ. ಒಂದೆರಡು ರಾತ್ರಿ ಡೆನ್ವರ್, ಆಮೇಲೆ 8,000 ಅಡಿಯ ಬ್ಯೂನಾ ವಿಸ್ಟಾ. ಅಲ್ಲಿ ನಿದ್ದೆ ಬರುತ್ತೆ, ಹಗಲು ಕಾರಿನಲ್ಲಿ ಮೇಲೆ ಹೋಗಿ ಸಣ್ಣ ರೈಡ್ ಮಾಡಿ ಬರಬಹುದು. ಕೊಲರಾಡೋದ್ದೇ ಗುನ್ನಿಸನ್ ಊರಿನ ಡೇವ್ ವೀನ್ಸ್ 2003ರಿಂದ 2008ರವರೆಗೆ ಸತತ ಆರು ಸಲ ಈ ರೇಸ್ ಗೆದ್ದರು. 2008ರಲ್ಲಿ ಹಿಂದೆ ಹಾಕಿದ್ದು ಹೆಸರಾಂತ ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರನ್ನು. ಗುನ್ನಿಸನ್ ಊರಿರುವುದು 7,700 ಅಡಿ ಮೇಲೆ. ಅಲ್ಲೇ ಇದ್ದು ಅಲ್ಲೇ ತುಳಿಯುವವರಿಗೆ ಆ ಗಾಳಿ ಎಷ್ಟು ಒಗ್ಗಿರಬೇಕು ನೋಡಿ. ಮೊದಲೆರಡು ರಾತ್ರಿ ಸಣ್ಣ ತಲೆನೋವು ಬಂದರೆ ಗಾಬರಿ ಬೇಡ. ಆದರೆ ವಾಂತಿ, ಓಲಾಡುವ ನಡಿಗೆ, ಕೂತಲ್ಲೇ ಏದುಸಿರು ಬಂದರೆ ರೇಸಿನ ಆಸೆ ಬಿಟ್ಟು ತಕ್ಷಣ ಕೆಳಗಿಳಿಯಿರಿ, ಆಸ್ಪತ್ರೆಗೆ ಹೋಗಿ. ಈಗಲೇ ನಿಮ್ಮ ಡಾಕ್ಟರ್ ಹತ್ತಿರ ಹೃದಯದ ತಪಾಸಣೆ ಮಾಡಿಸಿ, ರಕ್ತದಲ್ಲಿ ಕಬ್ಬಿಣದ ಅಂಶವನ್ನೂ ನೋಡಿಸಿ. ನಮ್ಮಂಥ ಸಸ್ಯಾಹಾರಿಗಳಲ್ಲಿ ಅದು ಕಡಿಮೆ ಇರುವುದು ಸಾಮಾನ್ಯ. ಕಬ್ಬಿಣ ಸಾಲದೆ ಎತ್ತರಕ್ಕೆ ಹೋದರೆ ದೇಹಕ್ಕೆ ಬೇಕಾದಷ್ಟು ಹೊಸ ರಕ್ತಕಣ ಮಾಡಲು ಆಗುವುದಿಲ್ಲ.

ರೇಸ್ ದಿನಕ್ಕೆ ಒಂದೇ ಮಾತು: ಸೇಂಟ್ ಕೆವಿನ್ಸ್‌ನಲ್ಲಿ ಎಲ್ಲರೂ ನಿಮ್ಮನ್ನು ದಾಟಿ ಹೋಗಲಿ. ಅಲ್ಲಿ ಮಾತಾಡಲು ಆಗದಷ್ಟು ಉಸಿರು ಬಂದರೆ ತಕ್ಷಣ ಗೇರ್ ಇಳಿಸಿ. ಹೊರಟ ಮೇಲೆ ಸುಮಾರು ಆರು ಗಂಟೆ ಕಳೆಯುವಷ್ಟರಲ್ಲಿ ಕೊಲಂಬೈನ್ ತುದಿಯಲ್ಲಿದ್ದರೆ ನೀವು ಸರಿಯಾಗಿಯೇ ಇದ್ದೀರಿ. ಮಧ್ಯಾಹ್ನ ಅಲ್ಲಿ ಗುಡುಗು, ಆಲಿಕಲ್ಲು ಸಾಮಾನ್ಯ. ಬೆಳಗ್ಗೆ ಆಕಾಶ ಎಷ್ಟೇ ತಿಳಿಯಾಗಿರಲಿ, ಮಳೆ ಜಾಕೆಟ್ ಜೇಬಲ್ಲಿರಲಿ.

ಮನೆಯವರೋ ಗೆಳೆಯರೋ ಜೊತೆಗೆ ಬಂದರೆ ಅವರನ್ನು ಟ್ವಿನ್ ಲೇಕ್ಸ್‌ನಲ್ಲಿ ನಿಲ್ಲಿಸಿ. ಹೋಗುವಾಗ, ಬರುವಾಗ ಎರಡು ಸಲ ಸಿಗುತ್ತಾರೆ. ಅಲ್ಲಿ ಉದ್ದಕ್ಕೂ ಟೆಂಟುಗಳು, ಜನವೋ ಜನ, ನಮ್ಮವರು ಯಾರು ಅಂತ ಗೊತ್ತಾಗೋದೇ ಇಲ್ಲ. ಒಂದು ಉದ್ದ ಕೋಲಿಗೆ ಹಳದಿ ಕೆಂಪು ಬಾವುಟ ಕಟ್ಟಿಕೊಂಡು ನಿಲ್ಲೋಕೆ ಹೇಳಿ, ದೂರದಿಂದಲೇ ಕಾಣುತ್ತೆ. ಅವರ ಕೈಯಲ್ಲಿ ಎರಡು ತುಂಬಿದ ಬಾಟಲಿ, ಚೈನಿಗೆ ಎಣ್ಣೆ, ಒಣಗಿದ ಕೈಗವಸು ಇರಲಿ. ಹೇಗಿದ್ದೀಯಾ ಅಂತ ಕೇಳಬಾರದು, ಕೊನೇ ಸಲ ತಿಂದಿದ್ದು ಯಾವಾಗ ಅಂತ ಕೇಳಬೇಕು. ಇದನ್ನು ಹಿಂದಿನ ದಿನವೇ ಅವರಿಗೆ ಹೇಳಿಡಿ. ಎರಡು ನಿಮಿಷದಲ್ಲಿ ನಿಮ್ಮನ್ನು ಅಲ್ಲಿಂದ ಓಡಿಸಲಿ.