ಕನಸಿನ ಊರಲ್ಲಿ ಬಾರ್ಲಿ ಕೊಯ್ದವರು ಯಾರು?

ಪ್ರಿಯ ಲೇಖಕರೇ,

ನಮಸ್ಕಾರ. ಒಟ್ಟಿಗೆ ದುಡಿದು ಒಟ್ಟಿಗೆ ಬಾಳಬೇಕೆಂದು ಜನ ಕಟ್ಟಿಕೊಂಡ ಹತ್ತೊಂಬತ್ತನೇ ಶತಮಾನದ ಅಮೆರಿಕದ ಆದರ್ಶ ಸಮುದಾಯಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ವಿಷಯ ಚೆನ್ನಾಗಿದೆ, ನೀವು ಕಷ್ಟಪಟ್ಟು ಓದಿರುವುದೂ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಷೇಕರ್‌ಗಳು ಎಂಬ ಕ್ರೈಸ್ತ ಪಂಥ, ನ್ಯೂ ಹಾರ್ಮನಿ, ನಶೋಬಾ, ಬ್ರೂಕ್ ಫಾರ್ಮ್, ಫ್ರೂಟ್‌ಲ್ಯಾಂಡ್ಸ್, ಒನೈಡಾ ಎಲ್ಲವನ್ನೂ ಒಂದೇ ಲೇಖನದಲ್ಲಿ ತುಂಬಿದ್ದೀರಿ. ಪ್ರತಿಯೊಂದಕ್ಕೂ ಕಟ್ಟಿದವರ ಹೆಸರು, ಅವರ ತತ್ವ, ಶುರುವಾದ ವರ್ಷ, ಮುಚ್ಚಿದ ವರ್ಷ, ಅಷ್ಟೇ. ಬಸ್ಸಿನ ಕಿಟಕಿಯಿಂದ ಊರುಗಳ ಬೋರ್ಡು ಓದುತ್ತಾ ಹೋದ ಹಾಗಾಯಿತು, ಎಲ್ಲೂ ಇಳಿಯಲಿಲ್ಲ. ಕೊನೆಗೆ ‘ಮನುಷ್ಯನ ಸ್ವಾರ್ಥವೇ ಈ ಕನಸುಗಳನ್ನು ಕೊಂದಿತು’ ಎಂದು ತೀರ್ಪು ಕೊಟ್ಟುಬಿಟ್ಟಿದ್ದೀರಿ.

ನೀವೇ ಕೊಟ್ಟ ವಿವರಗಳು ಈ ತೀರ್ಪಿಗೆ ಒಗ್ಗುವುದಿಲ್ಲ. ಇಂಡಿಯಾನಾದ ನ್ಯೂ ಹಾರ್ಮನಿಯನ್ನೇ ನೋಡಿ. ಆ ಊರನ್ನು 1814ರಲ್ಲಿ ಕಟ್ಟಿದ್ದು ಜಾರ್ಜ್ ರ‍್ಯಾಪ್‌ನ ಹಿಂದೆ ಬಂದ ಜರ್ಮನ್ ಭಕ್ತರು. ಆಸ್ತಿಯೆಲ್ಲ ಎಲ್ಲರದು ಎಂದು ಒಪ್ಪಿಕೊಂಡು, ಹೊಲ ಮಾಡಿ, ಬಟ್ಟೆ ನೇಯ್ದು, ಹತ್ತು ವರ್ಷ ಚೆನ್ನಾಗಿ ಬಾಳಿದರು. 1825ರಲ್ಲಿ ಅದೇ ಊರನ್ನು ಬ್ರಿಟನ್ನಿನ ಗಿರಣಿ ಮಾಲೀಕ, ಸಮಾಜ ಸುಧಾರಕ ರಾಬರ್ಟ್ ಓವೆನ್ ಕೊಂಡುಕೊಂಡ. ವಾಷಿಂಗ್ಟನ್‌ಗೆ ಹೋಗಿ ಸಂಸತ್ತಿನ ಸಭಾಂಗಣದಲ್ಲಿ ತನ್ನ ಯೋಜನೆಯ ಬಗ್ಗೆ ಎರಡು ಸಲ ಭಾಷಣ ಮಾಡಿದ. ಬನ್ನಿ ಎಂದು ಎಲ್ಲರನ್ನೂ ಕರೆದ. ನೂರಾರು ಜನ ಬಂದರು. ಆಮೇಲೆ ಅವರನ್ನು ಅಲ್ಲೇ ಬಿಟ್ಟು ಬ್ರಿಟನ್ನಿಗೆ ಹೋದವನು ತಿರುಗಿ ಬಂದಿದ್ದು 1826ರ ಜನವರಿಯಲ್ಲಿ. 1827ರ ಹೊತ್ತಿಗೆ ಎಲ್ಲ ಮುಗಿದಿತ್ತು. ಅದೇ ಮಣ್ಣು, ಅದೇ ಮನೆಗಳು. ಸ್ವಾರ್ಥವೇ ಕಾರಣ ಅನ್ನುವುದಾದರೆ ರ‍್ಯಾಪ್‌ನ ಕಾಲದಲ್ಲಿ ಅದು ಎಲ್ಲಿ ಹೋಗಿತ್ತು?

ಇನ್ನು ಷೇಕರ್‌ಗಳು. ಅವರ ನಾಯಕಿ ಆನ್ ಲೀ ಇಂಗ್ಲೆಂಡಿನಿಂದ ಬಂದಿದ್ದು 1774ರಲ್ಲಿ. ಮದುವೆಯನ್ನೇ ಬಿಟ್ಟ ಈ ಪಂಥ ಇನ್ನೂರು ವರ್ಷ ದಾಟಿ ಬದುಕಿತು. ತರಕಾರಿ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಊರೂರಿಗೆ ಮಾರುತ್ತಿದ್ದರು, ಚೊಕ್ಕ ಕೆಲಸಕ್ಕೆ ಹೆಸರಾಗಿದ್ದರು. ನ್ಯೂಯಾರ್ಕ್ ರಾಜ್ಯದ ಒನೈಡಾ ಸಮುದಾಯ 30 ವರ್ಷಕ್ಕೂ ಜಾಸ್ತಿ ನಡೆಯಿತು. ಅದರ ಬೆನ್ನಿಗೆ ಪ್ರಾಣಿ ಹಿಡಿಯುವ ಉಕ್ಕಿನ ಬೋನುಗಳ ಕಾರ್ಖಾನೆ ಇತ್ತು. ಇವರ ದಿನದ ಕೆಲಸದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ.

ನನ್ನ ತಕರಾರು ಇಲ್ಲೇ ಇರುವುದು. ಆದರ್ಶವನ್ನು ಹೇಳಿದವರ ಬಗ್ಗೆ ಬರೆದಿದ್ದೀರಿ. ಬೆಳಿಗ್ಗೆ ಎದ್ದು ಒಲೆ ಹಚ್ಚಿದವರು ಯಾರು, ಬಟ್ಟೆ ಒಗೆದವರು ಯಾರು, ಸಾಲ ತೀರಿಸಿದವರು ಯಾರು ಎಂದು ಕೇಳಿಲ್ಲ. ನಶೋಬಾಗೆ ಎರಡೇ ಸಾಲು ಕೊಟ್ಟು, ಅದನ್ನು ‘ಗುಲಾಮರ ಬಿಡುಗಡೆಯ ಪ್ರಯೋಗ’ ಎಂದು ಕರೆದಿದ್ದೀರಿ. ಅದನ್ನು ಕಟ್ಟಿದ ಸಮಾಜ ಸುಧಾರಕಿ ಫ್ರಾನ್ಸಿಸ್ ರೈಟ್ ಟೆನೆಸ್ಸಿಯಲ್ಲಿ ಜಮೀನು ಕೊಂಡಳು, ಗುಲಾಮರನ್ನೂ ಕೊಂಡಳು. ತಮ್ಮನ್ನು ಕೊಂಡ ದುಡ್ಡನ್ನು ಅವರು ದುಡಿದು ತೀರಿಸಬೇಕು, ಆಮೇಲೆ ಬಿಡುಗಡೆ ಅನ್ನುವುದು ಯೋಜನೆ. ಅದು ಕೈಗೂಡಲಿಲ್ಲ. 1830ರಲ್ಲಿ ಸುಮಾರು 30 ಜನರನ್ನು ಆಕೆ ಹೈಟಿಗೆ ಕರೆದುಕೊಂಡು ಹೋಗಿ ಬಿಡುಗಡೆ ಮಾಡಿದಳು. ಅಷ್ಟು ವರ್ಷ ಕಾಡು ಕಡಿದು ಹೊಲ ಮಾಡಿದವರಿಗೆ ಅದು ಯಾರ ಕನಸಾಗಿ ಕಂಡಿರಬೇಕು? ಈ ಪ್ರಶ್ನೆ ಕೇಳದೆ ನಶೋಬಾ ಬಗ್ಗೆ ಬರೆಯಬೇಡಿ.

ಫ್ರೂಟ್‌ಲ್ಯಾಂಡ್ಸ್ ಭಾಗದಲ್ಲಿ ಮಾತ್ರ ನಿಮ್ಮ ಬರವಣಿಗೆಗೆ ಜೀವ ಬಂದಿದೆ. ಅದನ್ನೇ ಹಿಡಿದುಕೊಳ್ಳಿ, ಉಳಿದದ್ದನ್ನು ಬಿಡಿ. ‘ಅಲ್ಲಿ ಸರಳ ಜೀವನ ನಡೆಸಿದರು’ ಎಂದು ಬರೆದಿದ್ದೀರಿ. ಎಷ್ಟು ಸರಳ, ತೋರಿಸಿ. 1843ರ ಜೂನ್‌ನಲ್ಲಿ ಅಮೆರಿಕದ ಶಿಕ್ಷಕ ಬ್ರಾನ್ಸನ್ ಆಲ್ಕಾಟ್ ಮತ್ತು ಅವನ ಇಂಗ್ಲಿಷ್ ಗೆಳೆಯ ಚಾರ್ಲ್ಸ್ ಲೇನ್ ಮ್ಯಾಸಚೂಸೆಟ್ಸ್‌ನ ಒಂದು ತೋಟದ ಮನೆಗೆ ಬಂದರು. ಹೆಸರಿಗೆ ಹಣ್ಣಿನ ಊರು, ಇದ್ದದ್ದು ಕೆಲವೇ ಹಳೆಯ ಸೇಬಿನ ಮರ. ಮಾಂಸ ಇಲ್ಲ, ಹಾಲು ಇಲ್ಲ, ಮೊಟ್ಟೆ ಇಲ್ಲ, ಚಹಾ ಇಲ್ಲ. ಹತ್ತಿ ಬೆಳೆಯುವವರು ಗುಲಾಮರು, ಹಾಗಾಗಿ ಹತ್ತಿ ಬಟ್ಟೆ ಇಲ್ಲ. ಉಣ್ಣೆ ಕುರಿಯದು, ಅದೂ ಬೇಡ. ಎತ್ತು ಕಟ್ಟಬಾರದು, ಸಗಣಿ ಗೊಬ್ಬರ ಹಾಕಬಾರದು. ಅಗಸೆ ನಾರಿನ ಲಿನನ್ ಅಂಗಿ ತೊಟ್ಟು ತಣ್ಣೀರು ಸ್ನಾನ ಮಾಡಿ ಗುದ್ದಲಿ ಹಿಡಿದರು.

ಗುಲಾಮರ ಬೆವರಿನ ಬಟ್ಟೆ ಬೇಡ ಎಂದ ಆ ಮನಸ್ಸಿನ ಬಗ್ಗೆ ನನಗೆ ನಿಜವಾಗಿ ಗೌರವವಿದೆ. ನಿಮ್ಮ ಲೇಖನದಲ್ಲೂ ಆ ಗೌರವ ಇರಲಿ. ಅದರ ಪಕ್ಕದಲ್ಲೇ ಆಲ್ಕಾಟ್‌ನ ಹೆಂಡತಿ ಅಬಿಗೇಲ್‌ಳನ್ನು ನಿಲ್ಲಿಸಿ. ಆ ಮನೆಯಲ್ಲಿ ಬಹುಪಾಲು ಕಾಲ ದೊಡ್ಡ ಹೆಂಗಸು ಅಂತ ಇದ್ದದ್ದು ಆಕೆ ಒಬ್ಬಳೇ. ನಾಲ್ಕು ಹೆಣ್ಣುಮಕ್ಕಳು, ಬಂದುಹೋಗುವ ಗಂಡಸರು, ಎಲ್ಲರ ಅಡುಗೆ, ಎಲ್ಲರ ಬಟ್ಟೆ. ಸೆಪ್ಟೆಂಬರ್‌ನಲ್ಲಿ ಆಲ್ಕಾಟ್ ಮತ್ತು ಲೇನ್ ನ್ಯೂಯಾರ್ಕ್‌ವರೆಗೂ ತಿರುಗಾಟಕ್ಕೆ ಹೋದರು. ಪಕ್ಕದ ಷೇಕರ್ ಊರಿಗೆ ಹೋಗಿಬಂದ ಮೇಲೆ ಅಬಿಗೇಲ್ ತನ್ನ ದಿನಚರಿಯಲ್ಲಿ, ಎಲ್ಲಿ ತಿರುಗಿದರೂ ಹೆಂಗಸಿನ ಮೇಲೆ ಒಂದಲ್ಲ ಒಂದು ನೊಗ ಕಾಣುತ್ತದೆ ಎಂಬ ಅರ್ಥದಲ್ಲಿ ಬರೆದುಕೊಂಡಳು. ಎತ್ತಿನ ಹೆಗಲಿಗೆ ನೊಗ ಬೇಡ ಎಂದ ಊರಲ್ಲಿ ಕೂತು ಬರೆದ ಮಾತು ಇದು. ನಿಮ್ಮ ಲೇಖನದ ಜೀವ ಇಲ್ಲಿದೆ, ನೀವು ಅದನ್ನು ಮುಟ್ಟದೆ ಮುಂದೆ ಹೋಗಿದ್ದೀರಿ.

ಗಂಡಸರು ಇಲ್ಲದಾಗ ಮಳೆ ಕವಿದು, ತಾಯಿ ಮಕ್ಕಳನ್ನು ಕರೆದುಕೊಂಡು ಬಟ್ಟೆ ಬುಟ್ಟಿಯಲ್ಲಿ, ಲಿನನ್ ದುಪ್ಪಟಿಯಲ್ಲಿ ಬಾರ್ಲಿ ಹೊತ್ತು ತಂದ ಪ್ರಸಂಗವನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ ಅದು ಎಲ್ಲಿಂದ ಬಂತು ಎಂದು ಓದುಗರಿಗೆ ಹೇಳಲೇಬೇಕು. ಮುಂದೆ ಹೆಸರಾಂತ ಲೇಖಕಿಯಾದ ಮಗಳು ಲೂಯಿಸಾ ಮೇ ಆಲ್ಕಾಟ್ 1873ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ, ಹೆಸರುಗಳನ್ನು ಬದಲಿಸಿ ಬರೆದ ಕಥೆ ಅದು. ಆ ತೋಟದ ಮನೆಯಲ್ಲಿದ್ದಾಗ ಆಕೆ ಹತ್ತು ವರ್ಷದ ಹುಡುಗಿ. ಕಥೆಯನ್ನು ಕಥೆ ಎಂದೇ ಹೇಳಿ ಬಳಸಿ. ಅದರಿಂದ ಅದರ ಬಲ ಕಮ್ಮಿಯಾಗುವುದಿಲ್ಲ. ಹತ್ತರ ಹುಡುಗಿ ಮೂವತ್ತು ವರ್ಷ ಮರೆಯದೆ ಇಟ್ಟುಕೊಂಡದ್ದು ತಾಯಿಯ ದುಡಿಮೆಯನ್ನು, ಅಲ್ವಾ?

ನಮ್ಮ ಆಶ್ರಮಗಳ ಜೊತೆ ಹೋಲಿಸಿದ ಪ್ಯಾರಾ ತೆಗೆದುಬಿಡಿ. ಅಲ್ಲಿ ಸಂಬಂಧ ತೋರಿಸಿಲ್ಲ, ಹೆಸರು ಹೇಳಿದ್ದೀರಿ ಅಷ್ಟೇ.

ಹೊಸ ಲೇಖನ 1,200 ಪದ ಮೀರದಿರಲಿ. ಜೂನ್‌ನಲ್ಲಿ ಶುರುಮಾಡಿ, 1844ರ ಜನವರಿಯಲ್ಲಿ ಮನೆ ಖಾಲಿಯಾಗುವಲ್ಲಿಗೆ ನಿಲ್ಲಿಸಿ. ಸಂಸಾರದ ಕಟ್ಟು ಬಿಡಬೇಕು ಎನ್ನುತ್ತಿದ್ದ ಲೇನ್ ಮಗನನ್ನು ಕರೆದುಕೊಂಡು ಷೇಕರ್‌ಗಳ ಬಳಿ ಹೋದ. ಅಬಿಗೇಲ್ ತನ್ನ ಸಂಸಾರ ಉಳಿಸಿಕೊಂಡಳು. ತೀರ್ಪು ಬರೆಯುವ ಅಗತ್ಯ ಬೀಳುವುದಿಲ್ಲ. ನ್ಯೂ ಹಾರ್ಮನಿಯ ಟಿಪ್ಪಣಿಗಳನ್ನು ಎತ್ತಿಡಿ, ಅದು ಇನ್ನೊಂದು ಲೇಖನ. ಮೊದಲು ಇದನ್ನು ಬರೆದು ಕಳಿಸಿ, ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ